ಜೀನ್ಸ್ ಯೂನಿಟ್‌ಗೆ ಫೈಲ್ ಸರ್ವರ್: ಒಂದು ಇಂಚಿನಿಂದ ಶುರುವಾದ ಕೆಲಸ

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಯೂನಿಟ್. ಪ್ಯಾಟರ್ನ್, ಕಟಿಂಗ್, ಹೊಲಿಗೆ ಒಳಗೇ ಆಗುತ್ತದೆ, ವಾಷಿಂಗ್ ಮಾತ್ರ ಹೊರಗೆ. ಆರು ಕಂಪ್ಯೂಟರ್, ಮುಟ್ಟುವವರು ಒಂಬತ್ತು ಜನ. ಅಲ್ಲಿನ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ನೋಡಿಕೊಳ್ಳುವವನು ನಾನು. ಸರ್ವರ್ ಕೆಲಸದಲ್ಲಿ ಪಂಡಿತನೇನಲ್ಲ, ಅದು ಮುಂದೆ ಗೊತ್ತಾಗುತ್ತದೆ.

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ರಂಜಾನ್ 31ಕ್ಕೆ. ಎರಡೂ ಹಬ್ಬದ ಮಾಲು ಒಟ್ಟಿಗೆ ಹೊರಡಬೇಕಿತ್ತು. ಆ ಗಡಿಬಿಡಿಯಲ್ಲಿ ಯಾರೋ 32 ಸೈಜಿನ ಪ್ಯಾಟರ್ನ್ ಫೈಲ್, ಅಂದರೆ ಪ್ಯಾಂಟಿನ ತುಂಡುಗಳ ಅಳತೆ ಇರುವ ಫೈಲ್ ತೆಗೆದು, ಸೊಂಟ ಒಂದು ಇಂಚು ಕಮ್ಮಿ ಮಾಡಿ ನೋಡಿ, ಹಾಗೇ ಸೇವ್ ಒತ್ತಿ ಎದ್ದು ಹೋಗಿದ್ದಾರೆ. ಮರುದಿನ ಅದೇ ಫೈಲಿನಿಂದ ಮಾರ್ಕರ್, ಅಂದರೆ ಬಟ್ಟೆ ಕತ್ತರಿಸಲು ಗೆರೆ ಹಾಕಿದ ಉದ್ದ ಕಾಗದ, ಪ್ರಿಂಟ್ ಆಯಿತು. ಒಂದರ ಮೇಲೊಂದು ಹಾಸಿದ 60 ಪದರದ ಬಟ್ಟೆ (ಲೇ), ಒಂದು ಮಾರ್ಕರಿನಲ್ಲಿ ಎರಡು ಪ್ಯಾಂಟು. ಒಟ್ಟು 120 ಪ್ಯಾಂಟು 32 ಆಗುವ ಬದಲು 31 ಆದವು. ಅವರ ಗಿರಾಕಿ ಅಂಗಡಿಗಳಲ್ಲಿ 31 ಅನ್ನೋ ಸೈಜನ್ನು ಯಾರೂ ಕೇಳಲ್ಲ. ಬೆಲ್ಟ್ ಬಿಚ್ಚಿ, 30 ಮಾಡಿ ಮಾರಿದರು.

ಯಾರು ಮಾಡಿದ್ದು ಅಂತ ಗೊತ್ತಾಗಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಲೆಕ್ಕದ ಅಕ್ಕನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್, ಎಲ್ಲರಿಗೂ ಶೇರ್, ಪಾಸ್‌ವರ್ಡ್ ಇಲ್ಲ, ಎವ್ರಿವನ್‌ಗೆ ಫುಲ್ ಕಂಟ್ರೋಲ್. ಮೂರು ವರ್ಷದ ಹಿಂದೆ ಅದನ್ನು ಹಾಗೆ ಮಾಡಿಕೊಟ್ಟವನೂ ನಾನೇ. ಅದೇ ಹೊತ್ತಿಗೆ ಸಾವ್ಕಾರ್ರು ಹೊಸ ಲ್ಯಾಪ್‌ಟಾಪ್ ತಂದರು, ವಿಂಡೋಸ್ 11 ಪ್ರೊ, 24ಎಚ್2. ಪಾಸ್‌ವರ್ಡ್ ಇಲ್ಲದ ಶೇರ್‌ಗೆ ಅದು ಹೋಗಲೇ ಇಲ್ಲ. ಆ ಆವೃತ್ತಿಯಿಂದ ಪ್ರೊದಲ್ಲಿ ಗೆಸ್ಟ್ ಆಗಿ ನುಗ್ಗುವುದನ್ನು ಮುಚ್ಚಿದ್ದಾರೆ. ರಿಜಿಸ್ಟ್ರಿ ತಿದ್ದಿ ತೆರೆಯಬಹುದಿತ್ತು. 120 ಪ್ಯಾಂಟು ಕಣ್ಣ ಮುಂದೆ ಇದ್ದವು, ಬೇಡ ಅನಿಸಿತು. ಬದಲಿಗೆ ಫೈಲ್ ಸರ್ವರ್ ಕಟ್ಟೋಣ ಅಂತಾಯಿತು, ಅಂದರೆ ಎಲ್ಲರ ಫೈಲನ್ನೂ ಒಂದೇ ಕಡೆ ಇಟ್ಟು, ಒಬ್ಬೊಬ್ಬರಿಗೂ ಬೇರೆ ಹೆಸರು, ಪಾಸ್‌ವರ್ಡ್ ಕೊಡುವ ಕಂಪ್ಯೂಟರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಗ್ರೂಪ್, ಯೂಸರ್ ಹೆಸರುಗಳನ್ನು ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಸರ್ವರಿನಲ್ಲಿ ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಬೇಕು. ಫೋಲ್ಡರ್ ಹೆಸರುಗಳಿಗೆ ಆ ಕಟ್ಟು ಇಲ್ಲ, ಅವನ್ನು ನಿಜಕ್ಕೂ ಕನ್ನಡದಲ್ಲೇ ಇಟ್ಟೆವು, ಏನೂ ತೊಂದರೆ ಆಗಲಿಲ್ಲ.

ಏಪ್ರಿಲ್ 5, ಶನಿವಾರ

ಹೊಸ ಮಷೀನ್ ತರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆ ಡೆಸ್ಕ್‌ಟಾಪ್ ಸಾಕಾಯಿತು: ನಾಲ್ಕನೇ ಜನರೇಷನ್ ಐ5, 8 ಜಿಬಿ ರ‍್ಯಾಮ್. ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಪ್ರೊಸೆಸರ್ ಫ್ಯಾನೇ ಕಾಣಲಿಲ್ಲ. ಡೆನಿಮ್ ಕತ್ತರಿಸುವಾಗ ಏಳುವ ನೀಲಿ ಅರಳೆ ಹೀಟ್‌ಸಿಂಕ್ ಮೇಲೆ ಗಟ್ಟಿಯಾಗಿ ಕೂತಿತ್ತು. ಬ್ರಷ್ ಹಾಕಿ ಎಬ್ಬಿಸಿದಾಗ ಪುಡಿ ಆಗಲಿಲ್ಲ. ಚಪ್ಪಟೆ ಇಡ್ಲಿ ಥರ ಒಂದೇ ತುಂಡಾಗಿ ಬಂತು, ಕೆಳಗಡೆ ಹೀಟ್‌ಸಿಂಕಿನ ಗೀರು ಗೀರು ಅಚ್ಚು ಬೇರೆ. ಬ್ಲೋವರ್ ಹೊಡೆದು, ಥರ್ಮಲ್ ಪೇಸ್ಟ್ ಬದಲಿಸಿದೆ. ಏಪ್ರಿಲ್, ಮೇನಲ್ಲಿ ಬಳ್ಳಾರಿ 40 ದಾಟುವುದು ಮಾಮೂಲು. ಅದಕ್ಕೇ ಕಟಿಂಗ್ ಹಾಲ್ ಬಿಟ್ಟು, ಆಫೀಸಿನ ಒಳಗೆ ನೆಲದಿಂದ ಎರಡು ಅಡಿ ಮೇಲೆ ಸ್ಟ್ಯಾಂಡ್ ಹಾಕಿಸಿ ಇಟ್ಟೆ.

ತಂದ ಸಾಮಾನು: 2 ಟಿಬಿ ಹಾರ್ಡ್‌ಡಿಸ್ಕ್ ಎರಡು, 10,800 ರೂಪಾಯಿ. ಆಪರೇಟಿಂಗ್ ಸಿಸ್ಟಮ್‌ಗೆ 256 ಜಿಬಿ ಎಸ್‌ಎಸ್‌ಡಿ 1,850. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ 1,500. ಕ್ಯಾಟ್ 6 ಕೇಬಲ್ 45 ಮೀಟರ್, ಮೀಟರಿಗೆ 24ರಂತೆ 1,080. ಕನೆಕ್ಟರ್ 200. ಯುಪಿಎಸ್‌ಗೆ ಬ್ಯಾಟರಿ 1,050. ಒಟ್ಟು 16,480. ನನ್ನ ಕೂಲಿ 5,000 ಅಂತ ಮಾತಾಯಿತು. ಆಮೇಲೆ ಎಷ್ಟು ಸಲ ಓಡಾಡಿದೆ ಅಂತ ಲೆಕ್ಕ ಹಾಕಿದರೆ ಪೆಟ್ರೋಲಿಗೂ ಸಾಲದು.

ಏಪ್ರಿಲ್ 6, ಭಾನುವಾರ

ಉಬುಂಟು ಸರ್ವರ್ 24.04 ಹಾಕಿದೆ, ಅದು ಲಿನಕ್ಸ್‌ನ ಒಂದು ಬಗೆ. 2029ರವರೆಗೆ ಅಪ್‌ಡೇಟ್ ಸಿಗುತ್ತದೆ, ಅಲ್ಲಿವರೆಗೆ ತಲೆನೋವು ಇಲ್ಲ. ಎರಡು ಡಿಸ್ಕನ್ನು ಎಂಡಿಆ್ಯಡ್ಮ್‌ನಲ್ಲಿ ಮಿರರ್ ಮಾಡಿದೆ, ಅಂದರೆ ರೇಡ್ 1, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಅರ್ಧಕ್ಕೆ ಕರೆಂಟ್ ಹೋಯಿತು. ಹೊಸ ಬ್ಯಾಟರಿಯನ್ನು ಇನ್ನೂ ಯುಪಿಎಸ್‌ಗೆ ಕೂರಿಸಿರಲಿಲ್ಲ, ಪೊಟ್ಟಣದಲ್ಲೇ ಇತ್ತು. ಕರೆಂಟ್ ಬಂದ ಮೇಲೆ ಮಿರರ್ ತಾನೇ ಮತ್ತೆ ಶುರು ಮಾಡಿಕೊಂಡಿತು, ನನ್ನ ಅದೃಷ್ಟ. ಸರ್ವರಿಗೆ ರೂಟರಿನಲ್ಲಿ 192.168.1.50 ಅಂತ ಖಾಯಂ ವಿಳಾಸ ಕೊಟ್ಟೆ. ಲಿನಕ್ಸ್ ಸರ್ವರಿನ ಫೋಲ್ಡರನ್ನು ವಿಂಡೋಸ್ ಕಂಪ್ಯೂಟರುಗಳಿಗೆ ಹಂಚುವ ಸಾಫ್ಟ್‌ವೇರ್ ಸಾಂಬಾ, ಅದರ ಇನ್‌ಸ್ಟಾಲ್ ಎರಡು ನಿಮಿಷದ ಕೆಲಸ.

ಹೊತ್ತು ಹಿಡಿದದ್ದು ಕಾಗದದ ಕೆಲಸ. ಒಗ್ಗರಣೆ ಮಿರ್ಚಿ ತರಿಸಿಕೊಂಡು ಸಾವ್ಕಾರ್ರ ಜೊತೆ ಕೂತು, ಯಾರು ಯಾವ ಫೈಲ್ ಮುಟ್ಟುತ್ತಾರೆ ಅಂತ ಬರೆದುಕೊಂಡೆ. ನಾಲ್ಕು ಗ್ರೂಪ್ ಆದವು: ಪ್ಯಾಟರ್ನ್, ಕಟಿಂಗ್, ಲೆಕ್ಕ, ಡಿಸ್ಪ್ಯಾಚ್. ಪ್ಯಾಟರ್ನ್ ಫೋಲ್ಡರಿನಲ್ಲಿ ಬರೆಯುವುದು ಪ್ಯಾಟರ್ನ್ ಮಾಡುವ ಮಾಸ್ಟರ್ ಮತ್ತು ಅವರ ಅಸಿಸ್ಟೆಂಟ್ ಮಾತ್ರ. ಕಟಿಂಗ್‌ನವರು ನೋಡಬಹುದು, ಬದಲಿಸುವ ಹಾಗಿಲ್ಲ. ಲೆಕ್ಕಕ್ಕೆ ಲೆಕ್ಕದವರು ಬಿಟ್ಟು ಯಾರೂ ಇಲ್ಲ.

"ನನಗ?" ಅಂದರು ಸಾವ್ಕಾರ್ರು.

"ನಿಮಗೆ ಎಲ್ಲಾದೂ, ಅಣ್ಣ" ಅಂದೆ. ಅವರನ್ನು ನಾಲ್ಕೂ ಗ್ರೂಪಿಗೆ ಸೇರಿಸಿದೆ. ಇದು ತಪ್ಪು. ಇನ್ನೂ ದೊಡ್ಡ ತಪ್ಪು, ಕಟಿಂಗ್ ಹುಡುಗರನ್ನು ಒಂದು ಮಾತೂ ಕೇಳದೆ ಆ ಕಾಗದ ಮುಗಿಸಿದ್ದು.

ಟ್ಯಾಲಿ ಡೇಟಾವನ್ನು ಈ ಸರ್ವರಿಗೆ ತರಲಿಲ್ಲ. ಅದು ಲೆಕ್ಕದ ಕಂಪ್ಯೂಟರಿನಲ್ಲೇ ಸರಿಯಾಗಿ ನಡೆಯುತ್ತಿತ್ತು. ನಡೆಯುತ್ತಿರುವ ಟ್ಯಾಲಿಯನ್ನು ಸುಮ್ನೆ ಕೆಣಕಬಾರದು. ಬ್ಯಾಕಪ್ ಮಾತ್ರ ಇಲ್ಲಿಗೆ ಬರುವ ಹಾಗೆ ಮಾಡಿದೆ.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಲಾಗಿನ್ ಆಗಿ ಸುಡೋ (ಪೂರ್ತಿ ಅಧಿಕಾರದಲ್ಲಿ ಕಮಾಂಡ್ ನಡೆಸುವ ದಾರಿ) ಕೊಟ್ಟರೆ, ನೀನು ಸುಡೋ ಪಟ್ಟಿಯಲ್ಲೇ ಇಲ್ಲ ಅಂತ ಉತ್ತರ. ಸರ್ವರ್ ಕಟ್ಟಿದವನಿಗೇ ಒಳಗೆ ಅಧಿಕಾರ ಇಲ್ಲ!

ಆದದ್ದು ಇಷ್ಟು. ಭಾನುವಾರ ರಾತ್ರಿ ಪರೀಕ್ಷೆಗೆ ಅಂತ ನನ್ನ ಯೂಸರನ್ನೂ ಪ್ಯಾಟರ್ನ್ ಗ್ರೂಪಿಗೆ ಸೇರಿಸಿದ್ದೆ. ಯೂಸರ್‌ಮಾಡ್ ಕಮಾಂಡಿಗೆ ಮೈನಸ್ ಹಾಕಿ ದೊಡ್ಡ ಜಿ ಮಾತ್ರ ಕೊಟ್ಟಿದ್ದೆ. ಅದಕ್ಕಿಂತ ಮೊದಲು ಸಣ್ಣ ಎ ಇರಬೇಕು. ಎ ಇದ್ದರೆ ಇರುವ ಗ್ರೂಪುಗಳ ಜೊತೆಗೆ ಹೊಸದು ಸೇರುತ್ತದೆ. ಎ ಇಲ್ಲದಿದ್ದರೆ ಹಳೆಯದೆಲ್ಲ ಕಿತ್ತುಹಾಕಿ ಹೊಸದೊಂದನ್ನೇ ಇಡುತ್ತದೆ. ಸುಡೋ ಅನ್ನುವುದೂ ಒಂದು ಗ್ರೂಪೇ ಅಲ್ವಾ, ಅದೂ ಹೋಯಿತು. ರಾತ್ರಿ ತೆರೆದಿದ್ದ ಲಾಗಿನ್‌ಗೆ ಹಳೆ ಗ್ರೂಪುಗಳೇ ಅಂಟಿಕೊಂಡಿದ್ದವು, ಅದಕ್ಕೇ ಆಗ ಗೊತ್ತಾಗಲಿಲ್ಲ.

ಮಾನಿಟರ್, ಕೀಬೋರ್ಡ್ ಹೊತ್ತು ತಂದು ಜೋಡಿಸಿ, ರೀಬೂಟ್ ಮಾಡಿ, ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋಗಿ, ರೂಟ್ ಶೆಲ್ ತೆಗೆದು, ಡಿಸ್ಕನ್ನು ಬರೆಯುವ ಹಾಗೆ ರಿಮೌಂಟ್ ಮಾಡಿ, ಸುಡೋ ಗ್ರೂಪಿಗೆ ವಾಪಸ್ ಸೇರಿಸಿದೆ. ಈ ಸಲ ಎ ಜೊತೆಗೆ. ಆಮೇಲೆ ಸಾವ್ಕಾರ್ರ ಯೂಸರನ್ನು ನೋಡಿದೆ. ಅದನ್ನೂ ಹಾಗೇ ಒಂದೊಂದಾಗಿ ಸೇರಿಸಿದ್ದೆ. ನಾಲ್ಕೂ ಗ್ರೂಪಿನಲ್ಲಿ ಇರಬೇಕಾದವರು ಕೊನೆಯ ಡಿಸ್ಪ್ಯಾಚ್‌ನಲ್ಲಿ ಮಾತ್ರ ಉಳಿದಿದ್ದರು.

ಅದೇ ದಿನ ಇನ್ನೊಂದು. ಎಲ್ಲರ ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟರೂ ವಿಂಡೋಸ್‌ನಿಂದ ಒಬ್ಬರಿಗೂ ಲಾಗಿನ್ ಆಗಲಿಲ್ಲ. ಲಿನಕ್ಸ್ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ. ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಕಮಾಂಡಿನಿಂದ ಪ್ರತಿಯೊಬ್ಬರನ್ನೂ ಸಾಂಬಾ ಪಟ್ಟಿಗೆ ಬೇರೆಯಾಗಿ ಸೇರಿಸಬೇಕು. ಗೊತ್ತಿದ್ದ ವಿಷಯವೇ, ಮರೆತಿದ್ದೆ. ಹಾಗೆ ನೋಡಿದರೆ ಈ ಹುಡುಗರಿಗೆ ಲಿನಕ್ಸ್ ಪಾಸ್‌ವರ್ಡ್ ಬೇಕಾಗಿಯೇ ಇಲ್ಲ. ತೆಗೆದುಹಾಕಿ, ಸರ್ವರಿಗೆ ನೇರವಾಗಿ ಲಾಗಿನ್ ಆಗದ ಹಾಗೆ ಶೆಲ್ಲನ್ನೂ ನೋಲಾಗಿನ್ ಮಾಡಿದೆ.

ಏಪ್ರಿಲ್ 8

ಮಾಸ್ಟರ್ ಫೋನ್: "ಸರ, ನಾ ಮಾಡಿದ್ದು ನಮ್ ಹುಡುಗಗ ತೆಗಿಯಾಕ್ ಬರತೈತಿ, ಸೇವ್ ಆಗವಲ್ದು."

ಇಬ್ಬರೂ ಪ್ಯಾಟರ್ನ್ ಗ್ರೂಪಿನವರೇ. ಹೋಗಿ ನೋಡಿದರೆ ಮಾಸ್ಟರ್ ಮಾಡಿದ ಹೊಸ ಫೈಲಿನ ಗ್ರೂಪ್ ಅವರ ಸ್ವಂತ ಹೆಸರಿನದ್ದು, ಪ್ಯಾಟರ್ನ್ ಅಲ್ಲ. ಉಬುಂಟುನಲ್ಲಿ ಪ್ರತಿ ಯೂಸರಿಗೂ ಅದೇ ಹೆಸರಿನ ಒಂದು ಗ್ರೂಪ್ ಹುಟ್ಟುತ್ತದೆ, ಹೊಸ ಫೈಲ್ ಅದಕ್ಕೇ ಹೋಗುತ್ತದೆ. ಫೋಲ್ಡರಿಗೆ ನಾನು 770 ಕೊಟ್ಟಿದ್ದೆ, ಅಂದರೆ ಓನರ್‌ಗೂ ಗ್ರೂಪಿಗೂ ಪೂರ್ತಿ ಹಕ್ಕು, ಬೇರೆಯವರಿಗೆ ಏನೂ ಇಲ್ಲ. 2770 ಕೊಡಬೇಕಿತ್ತು. ಮುಂದಿನ ಆ 2 ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ಫೋಲ್ಡರಿನ ಗ್ರೂಪನ್ನೇ ತೆಗೆದುಕೊಳ್ಳುತ್ತದೆ.

ಅದು ಸರಿ ಮಾಡಿದರೂ ಸೇವ್ ಆಗಲಿಲ್ಲ. ಹೊಸ ಫೈಲಿಗೆ ಯಾವ ಹಕ್ಕು ಸಿಗಬಹುದು ಅಂತ ಹೇಳುವ ಸಾಂಬಾದ ಕ್ರಿಯೇಟ್ ಮಾಸ್ಕ್ ನಾವೇನೂ ಹಾಕದಿದ್ದರೆ 0744. ಅಂದರೆ ಗ್ರೂಪಿಗೆ ಓದೋದು ಮಾತ್ರ. ಶೇರ್‌ನ ಕೆಳಗೆ ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770 ಅಂತ ಬರೆದ ಮೇಲೆ ಸರಿಹೋಯಿತು. ಹಳೆ ಫೈಲುಗಳಿಗೆ ಫೈಂಡ್ ಹಾಕಿ ಫೋಲ್ಡರಿಗೆ 2770, ಫೈಲಿಗೆ 660 ಅಂತ ಬೇರೆ ಬೇರೆ ಕೊಟ್ಟೆ. ಮೊದಲ ಯತ್ನದಲ್ಲಿ ಎಲ್ಲಕ್ಕೂ ಒಂದೇ ಏಟಿಗೆ 2770 ಹೊಡೆದಿದ್ದೆ, ಎಕ್ಸೆಲ್ ಫೈಲುಗಳೆಲ್ಲ ಎಕ್ಸಿಕ್ಯೂಟಬಲ್ ಆಗಿ ಕೂತವು. ಕೆಲಸ ಏನೂ ಕೆಡಲಿಲ್ಲ, ನೋಡೋಕೆ ಅಸಹ್ಯ ಅಷ್ಟೇ.

ಎಕ್ಸೆಲ್ ಬಗ್ಗೆ ಒಂದು ಮಾತು. ಅದು ಇರುವ ಫೈಲಿನ ಮೇಲೆ ಬರೆಯಲ್ಲ. ಪಕ್ಕದಲ್ಲಿ ಹೊಸ ಫೈಲ್ ಮಾಡಿ, ಹಳೆಯದರ ಹೆಸರು ಅದಕ್ಕೆ ಇಡುತ್ತದೆ. ಹಾಗಾಗಿ ಕೊನೆಗೆ ಸೇವ್ ಮಾಡಿದವರೇ ಫೈಲಿನ ಓನರ್ ಆಗುತ್ತಾರೆ. ಆ 2 ಇಲ್ಲದಿದ್ದರೆ ಇವತ್ತು ಎಲ್ಲರಿಗೂ ತೆರೆಯುವ ರೇಟ್ ಶೀಟ್ ನಾಳೆ ಒಬ್ಬರ ಆಸ್ತಿ.

ಏಪ್ರಿಲ್ 10, ಗುರುವಾರ

ಕಟಿಂಗ್‌ನವರಿಗೆ ಪ್ಯಾಟರ್ನ್ ಫೋಲ್ಡರ್ ತೆರೆಯುತ್ತಿಲ್ಲ. ಸಾಂಬಾ ಕಾನ್ಫಿಗ್‌ನಲ್ಲಿ ವ್ಯಾಲಿಡ್ ಯೂಸರ್ಸ್ ಸಾಲಿಗೆ ಎರಡೂ ಗ್ರೂಪ್ ಹಾಕಿದ್ದೆ. ರೈಟ್ ಲಿಸ್ಟ್‌ನಲ್ಲಿ ಪ್ಯಾಟರ್ನ್ ಮಾತ್ರ. ಕಾನ್ಫಿಗ್ ಪರೀಕ್ಷಿಸುವ ಟೆಸ್ಟ್‌ಪಾರ್ಮ್ ಎಲ್ಲಾ ಸರಿ ಅನ್ನುತ್ತದೆ. ಎರಡು ತಾಸು ಆ ಕಾನ್ಫಿಗನ್ನೇ ತಿರುವಿ ಹಾಕಿದೆ.

ತಪ್ಪು ಅಲ್ಲಿ ಇರಲೇ ಇಲ್ಲ. ಇಲ್ಲಿ ಎರಡು ಬಾಗಿಲು: ಹೊರಗಿನದು ಸಾಂಬಾ, ಒಳಗಿನದು ಲಿನಕ್ಸ್ ಪರ್ಮಿಷನ್. ಹೊರಬಾಗಿಲಲ್ಲಿ ಬಾ ಅಂದೆ, ಒಳಗೆ 2770 ಪ್ಯಾಟರ್ನ್ ಗ್ರೂಪಿಗೆ ಮಾತ್ರ. ಕಟಿಂಗ್ ಅಲ್ಲಿ ಪರಕೀಯ. ಒಂದು ಫೋಲ್ಡರಿಗೆ ಲಿನಕ್ಸ್‌ನ ಸಾದಾ ಪರ್ಮಿಷನ್‌ನಲ್ಲಿ ಒಂದೇ ಗ್ರೂಪ್. ಎರಡನೆಯದು ಬೇಕಾದರೆ ಎಸಿಎಲ್, ಅಂದರೆ ಬೇರೆ ಗ್ರೂಪುಗಳಿಗೂ ಹಕ್ಕು ಬರೆದಿಡುವ ಪಟ್ಟಿ, ಬೇಕು. ಸೆಟ್‌ಎಫ್‌ಎಸಿಎಲ್ ಕೊಟ್ಟು ಕಟಿಂಗ್‌ಗೆ ಓದುವ ಹಕ್ಕು ಹಾಕಿದೆ. ಈಗಾಗಲೇ ಇರುವ ಫೈಲುಗಳಿಗೆ ಒಂದು ಸಲ, ಮುಂದೆ ಹುಟ್ಟುವವಕ್ಕೆ ಡಿಫಾಲ್ಟ್ ಅಂತ ಇನ್ನೊಂದು ಸಲ. ಒಂದೇ ಕೊಟ್ಟರೆ ಅರ್ಧ ಫೈಲ್ ತೆರೆಯುತ್ತವೆ, ಅರ್ಧ ತೆರೆಯಲ್ಲ. ಅದನ್ನೂ ಅನುಭವಿಸಿಯೇ ಕಲಿತೆ.

ಏಪ್ರಿಲ್ 12, ಶನಿವಾರ

ಸಾವ್ಕಾರ್ರು ಡಿಸೈನ್ ಫೋಟೋಗಳ ಫೋಲ್ಡರ್ ಅಳಿಸಿದರು. ಬೇಕಂತ ಅಲ್ಲ. ಲ್ಯಾಪ್‌ಟಾಪಿನಲ್ಲಿ ತಮ್ಮ ಕಾಪಿ ಅಳಿಸುತ್ತಿದ್ದೇನೆ ಅಂದುಕೊಂಡಿದ್ದರು, ಅದು ಸರ್ವರ್ ಆಗಿತ್ತು.

ನಾನು ಧೈರ್ಯವಾಗಿದ್ದೆ. ಸಾಂಬಾದಲ್ಲಿ ರಿಸೈಕಲ್ ಅಂತ ಒಂದು ಮಾಡ್ಯೂಲ್ ಇದೆ, ಅಳಿಸಿದ್ದು ಒಂದು ಗುಪ್ತ ಫೋಲ್ಡರಿಗೆ ಹೋಗುತ್ತದೆ, ಅದನ್ನು ಹಾಕಿದ್ದೆ. ಹೋಗಿ ನೋಡಿದರೆ ಖಾಲಿ. ಕಾರಣ ನನ್ನ ಅತಿ ಬುದ್ಧಿ. ಕಾನ್ಫಿಗ್‌ನಲ್ಲಿ ಎಲ್ಲಾ ಶೇರ್‌ಗೂ ಅನ್ವಯಿಸುವ ಗ್ಲೋಬಲ್ ಭಾಗದಲ್ಲಿ, ಮಾಡ್ಯೂಲ್ ಹೆಸರು ಹಾಕುವ ವಿಎಫ್‌ಎಸ್ ಆಬ್ಜೆಕ್ಟ್ಸ್ ಸಾಲಿಗೆ ರಿಸೈಕಲ್ ಬರೆದಿದ್ದೆ. ಆಮೇಲೆ ಯಾರು ಏನು ಮಾಡಿದರು ಅಂತ ದಾಖಲಿಸುವ ಫುಲ್ ಆಡಿಟ್ ಮಾಡ್ಯೂಲನ್ನು ಪ್ರತಿ ಶೇರ್ ಕೆಳಗೆ ಅದೇ ಹೆಸರಿನ ಸಾಲಾಗಿ ಬರೆದೆ. ಶೇರ್‌ನ ಸಾಲು ಗ್ಲೋಬಲ್ ಸಾಲಿಗೆ ಸೇರಿಕೊಳ್ಳಲ್ಲ, ಅದನ್ನು ತಳ್ಳಿ ತಾನು ಕೂರುತ್ತದೆ. ಎರಡೂ ಬೇಕಿದ್ದರೆ ಒಂದೇ ಸಾಲಿನಲ್ಲಿ ಎರಡೂ ಹೆಸರು ಬರೆಯಬೇಕು.

ಫುಲ್ ಆಡಿಟ್ ಮಾತ್ರ ಕೆಲಸ ಮಾಡುತ್ತಿತ್ತು. ಅಂದರೆ ಫೋಟೋ ಹೋದವು, ಕಳೆದವರ ಹೆಸರು ಸಮಯದ ಸಮೇತ ಉಳಿದಿತ್ತು. ಅದನ್ನು ಸಾವ್ಕಾರ್ರಿಗೆ ತೋರಿಸಲಿಲ್ಲ.

ಉಳಿಸಿದ್ದು ಹಿಂದಿನ ರಾತ್ರಿ ಆರ್‌ಸಿಂಕ್ ಕಮಾಂಡ್ ಮಾಡಿಟ್ಟ ಬ್ಯಾಕಪ್. ಮಿರರ್ ಇದೆಯಲ್ಲ ಅಂತ ಬ್ಯಾಕಪ್ ಡಿಸ್ಕ್ ಬೇಡ ಅಂದಿದ್ದರು, ನಾನು ಹಟ ಹಿಡಿದು 4,600 ಕೊಟ್ಟು 1 ಟಿಬಿ ಯುಎಸ್‌ಬಿ ಡಿಸ್ಕ್ ತರಿಸಿದ್ದೆ. ಮಿರರ್ ಅಂದರೆ ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ಇನ್ನೊಂದರಲ್ಲೂ ತಕ್ಷಣ ಅಳಿಸುವ ವ್ಯವಸ್ಥೆ, ಅಷ್ಟೇ. ಎಲ್ಲಾ ಫೋಟೋ ವಾಪಸ್ ಬಂದವು. ಅವತ್ತು ಹೊಸದಾಗಿ ಹಾಕಿದ್ದ ಏಳು ಹೋದವು, ಅವು ಡಿಸ್ಪ್ಯಾಚ್ ಹುಡುಗನ ವಾಟ್ಸಾಪಿನಲ್ಲಿ ಸಿಕ್ಕವು.

ಸಂಜೆ ಚಹಾ ಕುಡಿಯುತ್ತಾ ವಿಷಯ ತೆಗೆದೆ. "ಅಣ್ಣ, ನಿಮಗೆ ಎಲ್ಲಾ ಕಾಣುತ್ತೆ. ಬದಲಿಸೋದು ಮಾತ್ರ ಬೇಡ. ನಿಮ್ಮ ಲ್ಯಾಪ್‌ಟಾಪಿಗೆ ವೈರಸ್ ಬಂದರೂ ಇಲ್ಲಿಗೆ ತಟ್ಟಬಾರದು ನೋಡಿ." ವೈರಸ್ ಮಾತು ಸುಳ್ಳಲ್ಲ, ಅಸಲಿ ಕಾರಣ ಅದೂ ಅಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಆತು ಬಿಡಪ, ನೋಡಾಕ ಬಂದ್ರ ಸಾಕು" ಅಂದರು. ಮಾಲೀಕ ಅಂತ ಐದನೇ ಗ್ರೂಪ್ ಮಾಡಿ, ಉಳಿದ ನಾಲ್ಕರಿಂದ ತೆಗೆದು, ಎಲ್ಲಾ ಫೋಲ್ಡರಿಗೂ ಓದುವ ಎಸಿಎಲ್ ಮಾತ್ರ ಕೊಟ್ಟೆ.

ಏಪ್ರಿಲ್ 15, ಮಂಗಳವಾರ

ಆಡಿಟ್ ದಾಖಲೆ ಸರಿಯಾಗಿ ಬರುತ್ತಿದೆಯಾ ಅಂತ ನೋಡುತ್ತಿದ್ದೆ. ಆಗ ಒಂದು ಸಾಲು ಕಣ್ಣಿಗೆ ಬಿತ್ತು. ಮಾಸ್ಟರ್ ಹೆಸರಿನಲ್ಲಿ ಪ್ಯಾಟರ್ನ್ ಫೋಲ್ಡರಿಗೆ ಫೈಲ್ ಬರೆದಿದೆ, ಬೆಳಿಗ್ಗೆ 7:12ಕ್ಕೆ, ಕಟಿಂಗ್ ಕಂಪ್ಯೂಟರಿನಿಂದ. ಮಾಸ್ಟರ್ ಯಾವತ್ತೂ ಹತ್ತಕ್ಕೆ ಮುಂಚೆ ಬಂದವರಲ್ಲ. ಹಿಂದಿನ ದಿನಗಳದ್ದೂ ನೋಡಿದೆ. ದಿನಾ ಬೆಳಿಗ್ಗೆ ಅದೇ.

ಏಳಕ್ಕೆ ಕಟಿಂಗ್ ಶುರು. ಹುಡುಗ ಬಂದು ಪ್ಲಾಟರ್‌ಗೆ, ಅಂದರೆ ಮಾರ್ಕರ್ ಪ್ರಿಂಟ್ ಮಾಡುವ ದೊಡ್ಡ ಪ್ರಿಂಟರಿಗೆ, ಮಾರ್ಕರ್ ಕಳಿಸಬೇಕು. ಪ್ಲಾಟರ್ ಸಾಫ್ಟ್‌ವೇರ್ ಪ್ರಿಂಟ್ ಕೊಡುವ ಮುಂಚೆ ಮೂಲ ಫೈಲಿನ ಪಕ್ಕದಲ್ಲೇ ಒಂದು ತಾತ್ಕಾಲಿಕ ಫೈಲ್ ಬರೆಯುತ್ತದೆ. ಓದುವ ಹಕ್ಕು ಮಾತ್ರ ಇದ್ದರೆ ಅಲ್ಲೇ ನಿಲ್ಲುತ್ತದೆ. ಮೊದಲ ದಿನವೇ ಹುಡುಗ ಮಾಸ್ಟರಿಗೆ ಫೋನ್ ಮಾಡಿದ್ದಾನೆ, ಅವರು ಪಾಸ್‌ವರ್ಡ್ ಹೇಳಿದ್ದಾರೆ. ಕಟಿಂಗ್ ಟೇಬಲಿನ ಅಂಚಿಗೆ, ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ, ದೊಡ್ಡದಾಗಿ ಬರೆದಿತ್ತು. ಹತ್ತು ದಿನದ ನನ್ನ ಗ್ರೂಪು, ಎಸಿಎಲ್ಲು, ಆಡಿಟ್ಟು ಎಲ್ಲಾ ಆ ಚಾಕಿನ ಎಂಟು ಅಕ್ಷರದ ಹಿಂದೆ.

ಬೈಯೋಕೆ ಬಾಯಿ ಬರಲಿಲ್ಲ. ಏಳಕ್ಕೆ 14 ಜನ ಟೇಬಲ್ ಮುಂದೆ ನಿಂತಿರುತ್ತಾರೆ, ಮಾರ್ಕರ್ ಬರದಿದ್ದರೆ ಎಲ್ಲರ ಕೆಲಸ ನಿಂತಿತು. ಏಪ್ರಿಲ್ 6ರಂದು ಆ ಹುಡುಗನನ್ನು ಐದು ನಿಮಿಷ ಪಕ್ಕ ಕೂರಿಸಿಕೊಂಡಿದ್ದರೆ ಅವನೇ ಹೇಳುತ್ತಿದ್ದ.

ಪ್ಲಾಟ್ ಅಂತ ಹೊಸ ಫೋಲ್ಡರ್, ಅದೇ ಹೆಸರಿನ ಗ್ರೂಪ್, ಎರಡೂ ಕಡೆಯವರು ಅದರಲ್ಲಿ. ಮಾಸ್ಟರ್ ಪಾಸ್ ಮಾಡಿದ ಫೈಲನ್ನು ಸಂಜೆ ಅಲ್ಲಿಗೆ ಕಾಪಿ ಹಾಕುತ್ತಾರೆ, ಹುಡುಗ ಬೆಳಿಗ್ಗೆ ಅಲ್ಲಿಂದ ಪ್ರಿಂಟ್ ಕೊಡುತ್ತಾನೆ. ಮೂಲ ಫೈಲಿಗೆ ಕೈ ತಗುಲಲ್ಲ. ಗ್ರೂಪಿಗೆ ಸೇರಿಸಿದ ಮೇಲೂ ಅವನಿಗೆ ಫೋಲ್ಡರ್ ತೆರೆಯಲಿಲ್ಲ. ವಿಂಡೋಸ್ ಒಂದು ಸರ್ವರಿಗೆ ಒಂದೇ ಹೆಸರಿನಲ್ಲಿ ಸಂಪರ್ಕ ಇಟ್ಟುಕೊಳ್ಳುತ್ತದೆ, ಇನ್ನೂ ಮಾಸ್ಟರ್ ಹೆಸರನ್ನೇ ಹಿಡಿದು ಕೂತಿತ್ತು. ಅವನ ಹೆಸರು ಕೊಟ್ಟರೆ 1219 ಅಂತ ಎರರ್. ನೆಟ್ ಯೂಸ್ ಕೊಟ್ಟು, ನಕ್ಷತ್ರ ಚಿಹ್ನೆ ಹಾಕಿ, ಡಿಲೀಟ್ ಅಂತ ಹೇಳಿ, ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದ ಪಾಸ್‌ವರ್ಡ್ ತೆಗೆದು, ಲಾಗ್ ಆಫ್ ಆಗಿ ಬಂದ ಮೇಲೆ ತೆರೆಯಿತು. ಮಾಸ್ಟರ್ ಪಾಸ್‌ವರ್ಡ್ ಬದಲಿಸಿದೆ. ಟೇಬಲಿನ ಅಂಚು ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ.

ಮಾರ್ಚ್‌ನಲ್ಲಿ 32ರ ಫೈಲ್ ಯಾರು ತಿದ್ದಿದ್ದು ಅಂತ ಆ ಹೊತ್ತಿಗೆ ನನಗೆ ಒಂದು ಊಹೆ ಬಂದಿತ್ತು. ಸಾವ್ಕಾರ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ 28, ಸೋಮವಾರ

ಡಿಸ್ಪ್ಯಾಚ್ ಹುಡುಗ ಬೇರೆ ಯೂನಿಟ್‌ಗೆ ಹೋದ. ಅವನ ಯೂಸರನ್ನು ಯೂಸರ್‌ಡೆಲ್ ಕೊಟ್ಟು ಅಳಿಸಿ, ಹೊಸದಾಗಿ ಬಂದ ಇನ್ನೊಬ್ಬನನ್ನು ಸೇರಿಸಿದೆ. ಹೊಸಬ ಲೆಕ್ಕಕ್ಕೆ ಸಹಾಯ ಮಾಡುವವನು, ಡಿಸ್ಪ್ಯಾಚ್ ಗ್ರೂಪಿಗೆ ಹಾಕಿರಲೇ ಇಲ್ಲ. ಆದರೂ ಸರ್ವರಿನಲ್ಲಿ ಹಳೆ ಡಿಸ್ಪ್ಯಾಚ್ ಫೈಲುಗಳ ಪಟ್ಟಿ ನೋಡಿದರೆ ಓನರ್ ಜಾಗದಲ್ಲಿ ಇವನ ಹೆಸರು! ಲಿನಕ್ಸ್ ಫೈಲಿನ ಮೇಲೆ ಬರೆದಿಡುವುದು ಹೆಸರಲ್ಲ, ನಂಬರ್. ಹೋದವನದ್ದು ಕೊನೆಯ ನಂಬರ್, 1009. ಅದು ಖಾಲಿಯಾಯಿತು, ಹೊಸಬನಿಗೆ ಅದೇ ಸಿಕ್ಕಿತು, ನಂಬರಿನ ಜೊತೆ ಆಸ್ತಿಯೂ ಬಂತು.

ಹೊಸಬನಿಗೆ 1010 ಕೊಟ್ಟು ಮತ್ತೆ ಮಾಡಿದೆ. ಹೋದವನ ಯೂಸರನ್ನು 1009ಕ್ಕೇ ವಾಪಸ್ ಹುಟ್ಟಿಸಿ, ಯಾವ ಗ್ರೂಪಿಗೂ ಹಾಕದೆ, ಬೀಗ ಹಾಕಿ ಇಟ್ಟೆ. ಈಗ ಯಾರಾದರೂ ಬಿಟ್ಟು ಹೋದರೆ ಅಳಿಸುವುದೇ ಇಲ್ಲ. ಎಸ್‌ಎಂಬಿಪಾಸ್‌ಡಬ್ಲ್ಯೂಡಿಗೆ ಮೈನಸ್ ಡಿ ಕೊಟ್ಟರೆ ಲಾಗಿನ್ ನಿಲ್ಲುತ್ತದೆ, ಗ್ರೂಪಿನಿಂದ ತೆಗೆದರೆ ಮುಗಿಯಿತು.

ಮೇ 4, ಭಾನುವಾರ

ಮುಚ್ಚಳ ಬಿಚ್ಚಿ ನೋಡಿದೆ. ಒಂದು ತಿಂಗಳಿಗೆ ಫ್ಯಾನ್ ಮೇಲೆ ತೆಳ್ಳಗೆ ನೀಲಿ ಪದರ, ಬ್ರಷ್‌ಗೆ ಬಂತು. ಗಾಳಿ ಒಳಗೆ ಬರುವ ಕಡೆ ಕೂಲರ್ ಜಾಲಿಯ ತುಂಡೊಂದು ಕತ್ತರಿಸಿ ಕಟ್ಟಿದೆ. ಖರ್ಚು ಒಟ್ಟು 21,080, ನನ್ನ ಕೂಲಿ ಬಿಟ್ಟು. ಬ್ಯಾಕಪ್ ಡಿಸ್ಕಿಂದ ಒಂದು ಫೋಲ್ಡರ್ ತೆಗೆದು ನೋಡಿದೆ, ಸರಿ ಇದೆ. ರಿಸೈಕಲ್ ಈಗ ನಿಜವಾಗಿ ತುಂಬುತ್ತಿದೆ, 30 ದಿನ ಕಳೆದದ್ದನ್ನು ಹೊತ್ತಿಗೆ ಸರಿಯಾಗಿ ತಾನೇ ಖಾಲಿ ಮಾಡುವ ಕ್ರಾನ್ ಇನ್ನೂ ಬರೆಯಬೇಕು.

ಹೊರಡುವಾಗ ಕಟಿಂಗ್ ಟೇಬಲ್ ಕಡೆ ಕಣ್ಣು ಹಾಯಿಸಿದೆ. ಅಂಚಿನಲ್ಲಿ ಮತ್ತೆ ಚಾಕಿನ ಬರಹ. ಹತ್ತಿರ ಹೋಗಿ ನೋಡಿದೆ, ಈ ಸಲ ಹುಡುಗನ ಸ್ವಂತ ಪಾಸ್‌ವರ್ಡ್.